ಗುಡಿಸುವ ವಾರ



ನಾವಿರುವ ಮನೆಯ ಬಾಗಿಲಿಗೆ ಆರು ವಾರಕ್ಕೊಮ್ಮೆ ಒಂದು ಹಲಗೆ ಬಂದು ನೇತಾಡುತ್ತದೆ. ಅಂಗೈ ಅಗಲದ ಮರದ ಹಲಗೆ. ಅದರ ಮೇಲೆ ‘ಕೇರ್‌ವೊಖೆ’ ಎಂದು ಬರೆದಿದೆ. ಗುಡಿಸುವ ವಾರ ಎಂದು ಅರ್ಥ. ಹಲಗೆ ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೆಟ್ಟಿಲು, ಹಿತ್ತಿಲು, ಮನೆಯೆದುರಿನ ಕಾಲುದಾರಿ ಎಲ್ಲವನ್ನೂ ಗುಡಿಸಿ ಒರೆಸಿ, ವಾರದ ಕೊನೆಗೆ ಹಲಗೆಯನ್ನು ಮುಂದಿನ ಮನೆಗೆ ದಾಟಿಸಬೇಕು. ಆರು ಮನೆಯ ಕಟ್ಟಡ, ಹಾಗಾಗಿ ಆರು ವಾರಕ್ಕೊಮ್ಮೆ ನಮ್ಮ ಸರದಿ. ಈ ಸೀಮೆಯಲ್ಲಿ ಇದು ಬಹಳ ಹಳೆಯ ಪದ್ಧತಿ. ಬೀದಿಯ ಕಸದ ಬಗ್ಗೆ 1492ರಷ್ಟು ಹಿಂದೆಯೇ ಸ್ಟುಟ್‌ಗಾರ್ಟಿನಲ್ಲಿ ಕಟ್ಟಳೆ ಇತ್ತಂತೆ. ನಗರದ ಕಾನೂನು ಕೈಬಿಟ್ಟ ಮೇಲೂ ಬಾಡಿಗೆ ಕರಾರಿನಲ್ಲಿ ಅದು ಹಾಗೇ ಉಳಿದುಕೊಂಡಿದೆ.

ಎಂಟು ವರ್ಷ ನನಗೆ ಆ ಹಲಗೆ ಕಂಡರೆ ಆಗುತ್ತಿರಲಿಲ್ಲ. ಶುಕ್ರವಾರ ಆಫೀಸಿನಿಂದ ಸುಸ್ತಾಗಿ ಬಂದಾಗ ಬಾಗಿಲಲ್ಲಿ ಅದು ತೂಗಾಡುತ್ತಿದ್ದರೆ, ಸಾಲಗಾರ ಜಗಲಿ ಮೇಲೆ ಬಂದು ಕೂತ ಹಾಗೆ. ಕಳೆದ ವರ್ಷ ಊರಿಂದ ಬಂದ ಅಮ್ಮ ಅದನ್ನು ನೋಡಿ ಕೇಳಿದಳು: ‘ಕೇರೋದಾ? ಎಂಥ ಕೇರೋದು ಮಾರಾಯ್ತಿ, ಅಕ್ಕಿಯಾ?’

ಇವತ್ತು ನಾನು ಹೇಳಹೊರಟಿರುವುದು ಆ ಅಮ್ಮ, ಅಪ್ಪ ನಮ್ಮಲ್ಲಿಗೆ ಬಂದಿದ್ದ ಕಥೆ.

ನಮ್ಮೂರು ಸಾಗರದ ಕಡೆ. ನಾವಿರುವುದು ದಕ್ಷಿಣ ಜರ್ಮನಿಯ ಎಸ್ಲಿಂಗನ್ನಿನಲ್ಲಿ, ನೆಕ್ಕರ್ ಹೊಳೆಯ ದಂಡೆಯ ಹಳೇ ಊರು. ಸ್ಟುಟ್‌ಗಾರ್ಟ್ ಪಕ್ಕದಲ್ಲೇ, ಲೋಕಲ್ ರೈಲು ಹತ್ತಿದರೆ ಕೂತು ಬೆನ್ನು ಆನಿಸುವುದರೊಳಗೆ ಇಳಿಯುವ ಹೊತ್ತು. ಆಡುಗೋಡಿಯ ಮೈಕೋ ಫ್ಯಾಕ್ಟರಿ ಕಾಲದಿಂದಲೂ ಬಾಷ್ ಕಂಪನಿಯ ದೆಸೆಯಿಂದ ಬೆಂಗಳೂರಿಗೂ ಈ ಸೀಮೆಗೂ ಹೋಗಿಬರುವುದು ಇದೆ. ಹಾಗಾಗಿ ಕನ್ನಡ ಮಾತು ಇಲ್ಲಿ ಅಪರೂಪವಲ್ಲ. ಅಪ್ಪ ಅಮ್ಮ ಅಪರೂಪ.

ಅವರು ಮೊದಲ ಸಲ ಬಂದದ್ದು 2018ರಲ್ಲಿ, ಮೂರು ವಾರಕ್ಕೆ. ನಾನು ರಜೆ ಹಾಕಿ, ಹಾಳೆಯ ಮೇಲೆ ಗೆರೆ ಎಳೆದು, ದಿನಕ್ಕೊಂದು ಊರು ಬರೆದಿಟ್ಟಿದ್ದೆ. ಪ್ಯಾರಿಸ್ ಆಯಿತು, ಐಫೆಲ್ ಗೋಪುರ ಆಯಿತು, ಅಪ್ಪನ ಮಂಡಿನೋವೂ ಆಯಿತು. ಸ್ವಿಟ್ಜರ್ಲೆಂಡಿನ ರೈನ್ ಜಲಪಾತಕ್ಕೆ ಕರೆದುಕೊಂಡು ಹೋದೆ. ಅದು ಯುರೋಪಿನ ದೊಡ್ಡ ಜಲಪಾತಗಳಲ್ಲೊಂದು, ಅಗಲವೇನೋ ಇದೆ, ಎತ್ತರ ಮಾತ್ರ 23 ಮೀಟರ್. 253 ಮೀಟರ್ ಧುಮುಕುವ ಜೋಗದ ಪಕ್ಕದಲ್ಲಿ ಹುಟ್ಟಿ ಬೆಳೆದ ಅಮ್ಮ ಕಟಕಟೆಗೆ ಕೈಯಾನಿಸಿ ಎರಡು ನಿಮಿಷ ನೋಡಿ, ‘ಚೆನ್ನಾಗಿದೆ. ನಮ್ಮಲ್ಲಿ ಇದಕ್ಕೆ ಅಬ್ಬಿ ಅಂತಾರೆ’ ಎಂದಳು. ಟಿಕೆಟ್ಟಿನ ದುಡ್ಡು ನನ್ನ ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತು. ಹದಿನೈದನೇ ದಿನವೋ ಏನೋ, ಬೆಳಿಗ್ಗೆ ನಾನು ಚೀಲ ತುಂಬುತ್ತಿದ್ದಾಗ ಅಪ್ಪ ಮಕ್ಕಳು ಮೇಷ್ಟ್ರನ್ನು ಕೇಳುವ ಹಾಗೆ ಕೇಳಿದರು: ‘ಇವತ್ತು ಎಲ್ಲಿಗೂ ಹೋಗದೇ ಇದ್ರೆ ಆಗ್ತದಾ?’

ಆಗ ನನಗೆ ಸಿಟ್ಟು ಬಂದಿತ್ತು. ಅವರು ನೋಡಲು ಬಂದದ್ದು ನನ್ನನ್ನು, ನಾನು ತೋರಿಸುತ್ತಿದ್ದದ್ದು ಪ್ಯಾರಿಸ್ಸನ್ನು. ಇದು ತಲೆಗೆ ಹೋಗಲು ಏಳು ವರ್ಷ ಹಿಡಿಯಿತು.

2025ರಲ್ಲಿ ಮತ್ತೆ ಬಂದರು. ಈ ಸಲ ಪೂರ್ತಿ ಮೂರು ತಿಂಗಳು. ನನಗೂ ನನ್ನ ಗಂಡನಿಗೂ ರಜೆ ಇರಲಿಲ್ಲ. ಅದೇ ಒಳ್ಳೆಯದಾಯಿತು.

ಬರುವುದೆಂದರೆ ಸುಲಭವಲ್ಲ, ಗೊತ್ತಲ್ಲ. ಷೆಂಗನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ನಾವು ಕರೆಸಿಕೊಳ್ಳುತ್ತೇವೆ, ಖರ್ಚು ನಮ್ಮದು ಎಂದು ಇಲ್ಲಿನ ಕಚೇರಿಯಲ್ಲಿ ಬರೆದುಕೊಡಬೇಕು. 30,000 ಯೂರೋಗೆ ಕಡಿಮೆಯಿಲ್ಲದ ವಿಮೆ ಬೇಕು. ಇವೆಲ್ಲಕ್ಕಿಂತ ಗಟ್ಟಿಯಾದ ಅಡ್ಡಿ ನಮ್ಮ ಅಡಿಕೆ ತೋಟ. ಕೊಯ್ಲು, ಸುಲಿಯುವುದು, ಬೇಯಿಸುವುದು ಮುಗಿಯುವ ತನಕ ಅಪ್ಪ ಕದಲುವುದಿಲ್ಲ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಹೊಡೆಸಬೇಕು. ಈ ಎರಡರ ನಡುವೆ 90 ದಿನ ಎಲ್ಲಿಂದ ತರುವುದು? ಕೊನೆಗೆ ಮೊದಲ ಮದ್ದಿನ ಹೊಣೆಯನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿ, ಏಪ್ರಿಲ್ ಮೊದಲ ವಾರ ವಿಮಾನ ಹತ್ತಿದರು.

ಚೀಲದ ವಿಷಯ ಬೇರೆ. ಯುರೋಪಿನೊಳಗೆ ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ಎಂದರೆ ಮನೆಯ ತುಪ್ಪ ಇಲ್ಲ. ಸೊಪ್ಪು, ಎಲೆ, ಹಣ್ಣಿಗೆ ಸರ್ಟಿಫಿಕೇಟ್ ಬೇಕು. ಅದಿಲ್ಲದೆ ಬಿಡುವುದು ಐದು ಹಣ್ಣನ್ನು ಮಾತ್ರ: ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ದುರಿಯನ್. ನಾನು ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ಅಮ್ಮ, ‘ಹಣ್ಣುಕಾಯಿಗೆ ತೊಂದರೆ ಇಲ್ಲ ಅಂದ ಹಾಗಾಯ್ತು, ವೀಳ್ಯದೆಲೆ ಒಂದು ಇಲ್ಲ’ ಎಂದು ಸಮಾಧಾನ ಮಾಡಿಕೊಂಡಳು. ತುಪ್ಪದ ಜಾಗಕ್ಕೆ ಉಪ್ಪಿನಕಾಯಿ ಬಂತು. ಮಿಡಿಮಾವಿನದು, ನಾಲ್ಕು ಸುತ್ತು ಪ್ಲಾಸ್ಟಿಕ್ಕಿನಲ್ಲಿ.

ಬಂದ ಎರಡನೇ ದಿನ ಸೂರ್ಯನದೇ ತಕರಾರು ಶುರುವಾಯಿತು. ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟಕ್ಕೆ, ಜೂನ್‌ನಲ್ಲಿ ಒಂಬತ್ತೂವರೆಗೆ. ದೇವರ ಮುಂದೆ ದೀಪ ಹಚ್ಚುವುದು ಯಾವಾಗ? ಊಟ ಮುಗಿಸಿ ಕೈತೊಳೆದ ಮೇಲೆ ಮುಸ್ಸಂಜೆಯ ದೀಪವೇ? ಅಮ್ಮ ಒಂದು ವಾರ ಕಿಟಕಿಗೆ ಮುಖ ಕೊಟ್ಟು ಕಾದಳು. ಆಮೇಲೆ, ‘ಅವನ ಕೆಲಸ ಅವನು ಮಾಡ್ಲಿ, ನಾನು ಆರೂವರೆಗೆ ಹಚ್ತೀನಿ’ ಎಂದು ಸೂರ್ಯನಿಗೆ ರಜೆ ಕೊಟ್ಟಳು. ಅಪ್ಪ ಹಾಗೆಲ್ಲ ಬಿಡುವವರಲ್ಲ. ಒಂಟಿಕೊಪ್ಪಲ್ ಪಂಚಾಂಗ ತೆರೆದು, ತಿಥಿಯ ಗಂಟೆಯಿಂದ ಮೂರೂವರೆ ಗಂಟೆ ಕಳೆದು, ಏಕಾದಶಿಯನ್ನು ಪೆನ್ಸಿಲ್ಲಿನಲ್ಲಿ ಎಸ್ಲಿಂಗನ್ನಿಗೆ ವರ್ಗಾಯಿಸಿಕೊಂಡರು.

ಈಗ ಹಲಗೆಗೆ ಬರುತ್ತೇನೆ. ಅಮ್ಮನಿಗೆ ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸದೆ ಇದ್ದರೆ ದಿನ ಹುಟ್ಟುವುದಿಲ್ಲ. ಐದೂವರೆಗೆ ಎದ್ದು, ಉದ್ದ ಹಿಡಿಕೆಯ ಇಲ್ಲಿನ ಪೊರಕೆಯನ್ನು ಬೈಯುತ್ತಾ (ನಿಂತು ಗುಡಿಸಿದ್ದು ಅವಳ ಲೆಕ್ಕಕ್ಕೆ ಗುಡಿಸಿದ್ದೇ ಅಲ್ಲ), ಮೊದಲು ಚೊಂಬಿನಿಂದ ನೀರು ಚಿಮುಕಿಸಿ, ಧೂಳು ಏಳದಂತೆ ಕೆಳಗಿನ ಬಾಗಿಲ ತನಕ ಗುಡಿಸಿ, ಹೊಸ್ತಿಲ ಹೊರಗೆ ಅಕ್ಕಿಹಿಟ್ಟಿನಲ್ಲಿ ಐದು ಚುಕ್ಕಿಯ ರಂಗೋಲಿ ಇಟ್ಟಳು. ಮರುದಿನವೂ ಹಾಗೇ. ಮೂರನೇ ದಿನ ನಮ್ಮ ಬಾಗಿಲ ಗಂಟೆ ಬಾರಿಸಿತು. ಕೆಳಗಿನ ಮನೆಯ ಅಜ್ಜಿ. ವಯಸ್ಸು ಎಂಬತ್ತರ ಮೇಲೆ, ಬೆನ್ನು ನೇರ, ಮಾತು ಇನ್ನೂ ನೇರ. ಎಂಟು ವರ್ಷದಲ್ಲಿ ಅವರು ನನ್ನೊಡನೆ ‘ಗ್ರೂಸ್ ಗಾಟ್’ ಬಿಟ್ಟು ಹೆಚ್ಚು ಆಡಿದವರಲ್ಲ. ಅದು ಇಲ್ಲಿನ ನಮಸ್ಕಾರ, ದೇವರ ಹೆಸರು ಹಿಡಿದು ಹೇಳುವುದು. ಬಂದವರು ಗಂಭೀರವಾಗಿ ಹೇಳಿದರು: ಈ ವಾರ ನಿಮ್ಮದಲ್ಲ.

ಗುಡಿಸಲಿಲ್ಲ ಎಂದು ದೂರು ಬಂದದ್ದುಂಟು. ಸರದಿ ತಪ್ಪಿ ಗುಡಿಸಿದ್ದಕ್ಕೆ ದೂರು ಬಂದದ್ದು ಅದೇ ಮೊದಲು. ನಾನು ಜರ್ಮನ್‌ನಲ್ಲಿ ತಡವರಿಸಿ, ನನ್ನ ತಾಯಿ, ಊರಿನಲ್ಲಿ ದಿನಾ ಹೀಗೆಯೇ ಎಂದೆ. ದಿನಾ? ಅಜ್ಜಿಯ ಹುಬ್ಬು ಮೇಲೆ ಹೋಯಿತು. ಅಮ್ಮನ ಕಡೆ ತಿರುಗಿ ನೋಡಿದ ಆ ನೋಟದಲ್ಲಿ, ನನ್ನ ಎಂಟು ವರ್ಷದ ಅರೆಮನಸ್ಸಿನ ಗುಡಿಸುವಿಕೆಗೆ ಸಿಗದ ಗೌರವ ಇತ್ತು. ಹೋಗುವಾಗ ‘ಅದೇ’ ಎಂದರು. ಫ್ರೆಂಚರ ‘ಅದ್ಯೂ’ ಇಲ್ಲಿನ ನಾಲಗೆಯಲ್ಲಿ ಉರುಳಿ ‘ಅದೇ’ ಆಗಿದೆ, ಬರುತ್ತೇನೆ ಎಂದ ಹಾಗೆ. ಅಮ್ಮ ಬಾಗಿಲು ಮುಚ್ಚಿ ಕೇಳಿದಳು: ‘ಅದೇ ಅಂತೆ. ಯಾವುದು?’

ಆಮೇಲೆ ರಂಗೋಲಿಯನ್ನು ತುಳಿಯಬಾರದೆಂದು ಅಜ್ಜಿ ಗೋಡೆ ಹಿಡಿದು ಬದಿಯಲ್ಲೇ ನಡೆಯುವುದನ್ನು ಅಮ್ಮ ಕಂಡಳು. ಓಡಿಹೋಗಿ, ತುಳಿದರೆ ಅಡ್ಡಿಯಿಲ್ಲ ಎಂದು ತಾನೇ ಅದರ ಮೇಲೆ ಹೆಜ್ಜೆಯಿಟ್ಟು ತೋರಿಸಿದಳು. ಅಮ್ಮ ಸಾಗರದ ಕನ್ನಡ, ಅವರು ಇಲ್ಲಿನ ಶ್ವೇಬಿಷ್. ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು, ಅದೂ ದಿನಕ್ಕೆ ಅರ್ಧ ಗಂಟೆ. ಅರ್ಥವಾಗಲಿಲ್ಲ ಎಂದು ಇಬ್ಬರೂ ಒಮ್ಮೆಯೂ ಹೇಳಿದ್ದಿಲ್ಲ.

ಜಗಳ ಇರಲಿಲ್ಲ ಅಂದುಕೊಳ್ಳಬೇಡಿ. ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತದೆ, ಸದ್ದು ಮಾಡುವ ಕೆಲಸವೂ ಇಲ್ಲ. ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವುದೂ ಆ ದಿನ ತಪ್ಪು. ಊರಿಂದ ಹೊತ್ತು ತಂದ ನಮ್ಮ ಮಿಕ್ಸಿಯ ಗಂಟಲು ನಿಮಗೆ ಗೊತ್ತಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಅದು ಒದರಿದಾಗ ನಾನು ಹಾಸಿಗೆಯಿಂದ ಹಾರಿ ಬಂದು ಪ್ಲಗ್ ಕಿತ್ತೆ. ಅಮ್ಮ ಎರಡು ದಿನ ಮಾತು ಬಿಟ್ಟಳು. ಬಚ್ಚಲಿನದು ಇನ್ನೊಂದು ರಾಮಾಯಣ. ಇಲ್ಲಿನ ಬಚ್ಚಲ ನೆಲದಲ್ಲಿ ನೀರು ಹೋಗಲು ತೂತೇ ಇರುವುದಿಲ್ಲ. ಅದನ್ನು ನಂಬದೆ ಅಮ್ಮ ಎರಡು ಬಕೆಟ್ ನೀರು ಹೊಯ್ದು ನೆಲ ತಿಕ್ಕಿದಳು. ಮಿಕ್ಕದ್ದನ್ನು ಹೇಳುವುದಿಲ್ಲ.

ಅಜ್ಜಿಗೆ ಊರಂಚಿನಲ್ಲಿ ತುಂಡು ಹಿತ್ತಿಲಿದೆ. ಮೇ ತಿಂಗಳಲ್ಲೊಂದು ದಿನ ಒಂದು ಕಟ್ಟು ರುಬಾರ್ಬ್ ತಂದು ಕೊಟ್ಟರು. ಕೆಂಪು ದಂಟು, ಅದರ ತುದಿಗೆ ಆನೆಕಿವಿಯಷ್ಟು ಎಲೆ. ಇಲ್ಲಿಯವರು ದಂಟನ್ನು ಸಕ್ಕರೆ ಹಾಕಿ ಬೇಯಿಸಿ ಕೇಕಿಗೆ ಬಳಸುತ್ತಾರೆ. ಬಾಯಿಗಿಟ್ಟರೆ ಬಿಂಬುಳಿಯಷ್ಟು ಹುಳಿ. ಅಮ್ಮನ ಕಣ್ಣಿಗೆ ದಂಟು ಬೀಳಲೇ ಇಲ್ಲ, ಬಿದ್ದದ್ದು ಎಲೆ. ಥೇಟ್ ಕೆಸುವಿನ ಎಲೆ! ನಾನು ಆಫೀಸಿನಲ್ಲಿದ್ದೆ. ಅಕ್ಕಿ ನೆನೆಹಾಕಿ, ಹುಣಸೆಹಣ್ಣು, ಬೆಲ್ಲ, ಮೆಣಸು ಸೇರಿಸಿ ರುಬ್ಬಿ, ಎಲೆಗಳನ್ನು ತೊಳೆದು ನಾರು ತೆಗೆದು, ಬಾಲ್ಕನಿಯಲ್ಲಿ ಹರಡಿಕೊಂಡು ಹಿಟ್ಟು ಹಚ್ಚುತ್ತಾ ಕೂತಿದ್ದಳು, ಪತ್ರೊಡೆಗೆ. ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಅಜ್ಜಿ ತಲೆಯೆತ್ತಿ ನೋಡಿದವರು ಕೂಗಿಕೊಂಡು ಮೂರು ಮಹಡಿ ಹತ್ತಿ ಬಂದರು. ಕೈ ಅಡ್ಡ ಆಡಿಸಿದರು, ಹೊಟ್ಟೆ ಹಿಡಿದುಕೊಂಡರು, ಕೊನೆಗೆ ನಾಲಗೆ ಹೊರಹಾಕಿ ಕಣ್ಣು ಮೇಲೆ ಮಾಡಿ ಗೋಡೆಗೆ ಒರಗಿ ಸತ್ತು ತೋರಿಸಿದರು.

ರುಬಾರ್ಬಿನ ಎಲೆ ವಿಷ. ಅದರಲ್ಲಿ ಆಕ್ಸಾಲಿಕ್ ಆಮ್ಲ ಬಹಳ. ಕೆಸುವಿನ ಎಲೆಯ ತುರಿಕೆಗೂ ಅದೇ ಜಾತಿಯ ಹರಳುಗಳೇ ಕಾರಣ, ಆದರೆ ಕೆಸುವನ್ನು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ ಪಳಗಿಸಬಹುದು, ಇದನ್ನು ಆಗುವುದಿಲ್ಲ. ಸಂಜೆ ನಾನು ಇದನ್ನು ಬಿಡಿಸಿ ಹೇಳಿದಾಗ ಅಮ್ಮ ಗಂಭೀರಳಾಗಿ ಕೇಳಿ, ‘ಹುಳಿ ಇನ್ನೂ ಸ್ವಲ್ಪ ಜಾಸ್ತಿ ಹಾಕಿದ್ರೆ?’ ಎಂದಳು. ಎಲೆ ಕಸಕ್ಕೆ ಹೋಯಿತು. ದಂಟಿನ ಗೊಜ್ಜು ಮಾಡಿದಳು, ಒಣಮೆಣಸು, ಬೆಲ್ಲ, ಇಂಗಿನ ಒಗ್ಗರಣೆ. ಒಂದು ಬಟ್ಟಲು ಕೆಳಗೂ ಹೋಯಿತು. ಅಜ್ಜಿ ಅದನ್ನು ಬ್ರೆಡ್ಡಿಗೆ ಸವರಿಕೊಂಡು ತಿಂದರೆಂದು ಆಮೇಲೆ ಗೊತ್ತಾಯಿತು.

ಅಪ್ಪನ ದಾರಿ ಬೇರೆ. ಎಸ್ಲಿಂಗನ್ನಿನ ಹಳೇ ಪೇಟೆಯ ತಲೆಯ ಮೇಲೇ ಗುಡ್ಡ, ಗುಡ್ಡಕ್ಕೆ ಕಲ್ಲು ಕಟ್ಟಿದ ಮೆಟ್ಟಿಲು ಮೆಟ್ಟಿಲು ದ್ರಾಕ್ಷಿ ತೋಟ. ಮಂಡಿನೋವಿನ ಅಪ್ಪ ದಿನಾ ಅದನ್ನು ಹತ್ತುತ್ತಿದ್ದರು. ತೋಟ ನೋಡಲು ಮಂಡಿ ನೋಯುವುದಿಲ್ಲವಂತೆ. ಮೇ ಕೊನೆಯಲ್ಲಿ ಒಬ್ಬ ರೈತ ಬಳ್ಳಿಗೆ ಔಷಧಿ ಹೊಡೆಯುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಎಲೆಯ ಮೇಲೆ ಕೂತ ನೀಲಿ ಬಣ್ಣದ ಗುರುತು ಅಪ್ಪನಿಗೆ ಅಪರಿಚಿತವೇ? ಹತ್ತಿರ ಹೋಗಿ, ‘ಬೋರ್ಡೋ?’ ಎಂದು ಕೇಳಿದರು. ಆತನ ಮುಖ ಬಿಗಿಯಿತು. ಬೋರ್ಡೋ ಎಂದರೆ ಫ್ರಾನ್ಸಿನ ಹೆಸರಾಂತ ವೈನ್. ನನ್ನ ತೋಟದಲ್ಲಿ ನಿಂತು ಫ್ರಾನ್ಸಿನ ವೈನ್ ಕೇಳುತ್ತಾನಲ್ಲ ಎಂದುಕೊಂಡಿರಬೇಕು. ಅಪ್ಪ ಬಿಡಲಿಲ್ಲ. ಎರಡೂ ಕೈಯಲ್ಲಿ ಪಂಪಿನ ದೋಟಿ ಹಿಡಿದ ಹಾಗೆ ಮಾಡಿ, ಕತ್ತು ಹಿಂದೆ ವಾಲಿಸಿ, ಆಕಾಶಕ್ಕೆ ಹೊಡೆದು ತೋರಿಸಿದರು. ಆಮೇಲೆ ಫೋನ್ ತೆಗೆದು ನಮ್ಮ ತೋಟದ ಪಟ ತೋರಿಸಿದರು. ಐವತ್ತು ಅಡಿಯ ಮರದ ನೆತ್ತಿಯಲ್ಲಿ ಗೊನೆ, ಮರದ ಮೇಲೆ ಕೊನೆಗಾರ. ರೈತ ಪಂಪು ಕೆಳಗಿಟ್ಟ.

ಸಂಜೆ ನಾನು ಬಂದಾಗ ಅಪ್ಪ ಕುದಿಯುವಷ್ಟು ಖುಷಿಯಲ್ಲಿದ್ದರು. ಮೈಲುತುತ್ತ, ಸುಣ್ಣ, ನೀರು ಸೇರಿಸುವ ಈ ಮದ್ದು ಹುಟ್ಟಿದ್ದೇ ದ್ರಾಕ್ಷಿಗೆ, 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಮೇಲೆ ಕೆಲಸ ಮಾಡಿ ಅದನ್ನು ನಮ್ಮ ಅಡಿಕೆಗೆ ಹಿಡಿಸಿದರು. ಒಂದು ಕಿಲೋ ತುತ್ತಕ್ಕೆ ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಅಪ್ಪ ಬೆರಳೆಣಿಸಿ ತೋರಿಸಿದಾಗ ಆತ ತಲೆಯಲ್ಲಾಡಿಸಿ, ತುತ್ತದ ಬೆರಳನ್ನು ಮಡಿಸಿದನಂತೆ. ಅಷ್ಟು ತಾಮ್ರ ಇಲ್ಲಿ ಕೂಡದು. ‘ಅವರ ಮಳೆಗೆ ಸಾಕು, ನಮ್ಮ ಮಳೆಗೆ ಸಾಕಾಗೂದಿಲ್ಲ ಅಂದೆ’ ಎಂದರು ಅಪ್ಪ. ಯಾವ ಭಾಷೆಯಲ್ಲಿ ಎಂದು ಕೇಳಿದೆ. ಉತ್ತರ ಬರಲಿಲ್ಲ. ಜೂನ್‌ನಲ್ಲಿ ಊರಿನಲ್ಲಿ ಮದ್ದು ಹೊಡೆಯುವ ದಿನ, ಅಪ್ಪ ಬೆಳಗಿನ ನಾಲ್ಕಕ್ಕೆ ಎದ್ದು ಕೂತು ವಿಡಿಯೋ ಕಾಲಿನಲ್ಲಿ ಚಿಕ್ಕಪ್ಪನ ಮಗನಿಗೆ, ‘ಆ ಮರ ಬಿಟ್ಟೆಯಲ್ಲೋ, ಹಳ್ಳದ ಬದಿದು’ ಎಂದು ಕೂಗುತ್ತಿದ್ದದ್ದಕ್ಕೆ ಕಟ್ಟಡವೆಲ್ಲ ಎದ್ದಿರಬೇಕು. ಪುಣ್ಯಕ್ಕೆ ಅದು ಭಾನುವಾರವಲ್ಲ.

ಇನ್ನೊಂದು ಮಾತು ನಾಚಿಕೆಯಿಂದಲೇ ಹೇಳಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗನ್ನಿನಲ್ಲಿ. ಎಂಟು ವರ್ಷ ಆ ಬೀದಿಗಳಲ್ಲೇ ತರಕಾರಿ ಚೀಲ ಹೊತ್ತು ಓಡಾಡಿದ ನನಗೆ ಅದು ಗೊತ್ತಿರಲಿಲ್ಲ. ಹೇಳಿದವರು ಅಪ್ಪ, ಓದಿದ್ದು ಸಾಗರದಲ್ಲಿ ಕೂತು. ಅವರು ಬಾಯಿಬಿಟ್ಟು ನೋಡಬೇಕೆಂದ ಊರು ಒಂದೇ, ಟ್ಯೂಬಿಂಗನ್. ನಮ್ಮಿಂದ ರೈಲಿನಲ್ಲಿ ಗಂಟೆಯ ದಾರಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಹೋದ ಊರು ಅದು. 2025ರಲ್ಲಿ ತಿಂಗಳಿಗೆ 58 ಯೂರೋ ಕೊಟ್ಟು ಪಾಸ್ ಮಾಡಿಸಿದರೆ ದೇಶದ ಸಿಟಿ ಬಸ್ಸು, ಲೋಕಲ್ ರೈಲು ಎಲ್ಲ ಹತ್ತಬಹುದಿತ್ತು. ಅದರಲ್ಲೇ ಹೋದೆವು. ಅಲ್ಲಿ ಅಪ್ಪ ಯಾವ ಕಟ್ಟಡದ ಮುಂದೆಯೂ ಪಟ ತೆಗೆಸಿಕೊಳ್ಳಲಿಲ್ಲ. ಸೇತುವೆಯ ಮೇಲೆ ನಿಂತು ಹೊಳೆ ನೋಡುತ್ತಾ, ‘ಈ ಚಳಿಯಲ್ಲಿ ಹುಟ್ಟಿದ ಮನುಷ್ಯ ನಮ್ಮ ಸೆಕೆಯಲ್ಲಿ ಕೂತು ಅಷ್ಟು ಶಬ್ದ ಹೆಕ್ಕಿದನಲ್ಲ’ ಎಂದಷ್ಟೇ ಹೇಳಿ, ಕಡಲೆಬೀಜ ಸಿಗುತ್ತದಾ ಕೇಳಿದರು.

ಮಗನ ವಿಷಯ ಮರೆತೆ. ಅವನಿಗೆ ಐದು ವರ್ಷ. ಇಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಕೊಳ್ಳುವಾಗಲೇ 25 ಸೆಂಟ್ ಹೆಚ್ಚಿಗೆ ಕೊಟ್ಟಿರುತ್ತೇವೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಹಾಕಿದರೆ ಅದು ಕರಕರ ಅಗಿದು ದುಡ್ಡಿನ ಚೀಟಿ ಕೊಡುತ್ತದೆ. ಅಜ್ಜ ಮೊಮ್ಮಗ ಇಬ್ಬರಿಗೂ ಇದೇ ಜಾತ್ರೆ. ಹಾಕಿದ ಬಾಟಲಿಯನ್ನು ಇಬ್ಬರೂ ಕನ್ನಡದಲ್ಲಿ ಎಣಿಸುತ್ತಿದ್ದರು. ನಾನು ಹಾಳೆ ಬರೆಸಿ, ಬೈದು, ಆಸೆ ತೋರಿಸಿ ಹತ್ತರಿಂದಾಚೆ ದಾಟಿಸಲಾಗದ ಹುಡುಗ ಜೂನ್ ಹೊತ್ತಿಗೆ ನಲವತ್ತರ ತನಕ ಎಣಿಸುತ್ತಿದ್ದ, ಮಲೆನಾಡಿನ ರಾಗದಲ್ಲಿ.

ಜೂನ್ ಕೊನೆಯ ವಾರ 90 ದಿನ ಮುಗಿಯುತ್ತಾ ಬಂತು. ಹೊರಡುವ ಬೆಳಿಗ್ಗೆಯೂ ಅಮ್ಮ ಗುಡಿಸಿದಳು. ಅಜ್ಜಿ ಬಾಗಿಲಿಗೆ ಬಂದು ಒಂದು ಡಬ್ಬಿ ಹಿತ್ತಿಲ ಹಣ್ಣಿನ ಜಾಮ್ ಕೊಟ್ಟರು. ಅಮ್ಮ ಅವರಿಗೆ ಅರಿಶಿನ ಕುಂಕುಮ ಕೊಟ್ಟಳು. ಏನು ಮಾಡಬೇಕೆಂದು ಅವರಿಗೆ ತೋಚದೆ ನಿಂತಾಗ ತಾನೇ ಹಣೆಗೆ ಹಚ್ಚಿದಳು. ಇಬ್ಬರೂ ‘ಅದೇ, ಅದೇ’ ಎಂದುಕೊಂಡರು. ನಾನು ಟ್ಯಾಕ್ಸಿಯ ಡಿಕ್ಕಿಗೆ ಚೀಲ ತುರುಕುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಎರಡು ವಾರದ ಮೇಲೆ ಹಲಗೆ ನಮ್ಮ ಬಾಗಿಲಿಗೆ ಬಂತು. ಶನಿವಾರ ಮಧ್ಯಾಹ್ನ ನಾನು ಎಂದಿನ ಹಾಗೆ ಅವಸರದಲ್ಲಿ ಪೊರಕೆ ಹಿಡಿದು ಮೇಲಿನಿಂದ ಶುರುಮಾಡಿದೆ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಅಜ್ಜಿ ಬಾಗಿಲು ತೆರೆದು ನಿಂತಿದ್ದರು. ಕೈಯಲ್ಲಿ ಒಂದು ಲೋಟ ನೀರು. ನನ್ನ ಪೊರಕೆಯನ್ನು ಬೆರಳಿನಿಂದ ತಡೆದು, ಲೋಟದಲ್ಲಿ ಕೈ ಅದ್ದಿ, ಐದೂ ಬೆರಳು ಬಿಡಿಸಿ ಮೆಟ್ಟಿಲ ಮೇಲೆ ನೀರು ಚಿಮುಕಿಸಿ ತೋರಿಸಿದರು. ಮೊದಲು ಇದು, ಆಮೇಲೆ ಅದು. ನಾನು ಲೋಟ ಇಸಕೊಂಡು ಕೆಳಗಿನ ಬಾಗಿಲ ತನಕ ಚಿಮುಕಿಸುತ್ತಾ ಹೋದೆ. ಅವರು ಕಟಕಟೆಯ ಮೇಲಿನಿಂದ ಬಗ್ಗಿ ಪೂರ್ತಿ ನೋಡಿ, ‘ಅದೇ’ ಎಂದು ಒಳಗೆ ಹೋದರು.